ತಮ್ಮನ ಮಾತ್ರೆ ಶುರುವಾಗಿ ಮೂರು ವಾರ, ಅನುಭವ ಇದ್ದವರು ಹೇಳಿ

ಮಧುಗಿರಿ ಕಡೆಯ ಅಕ್ಕ ಕೇಳಿದ್ದು:

ನನ್ನ ತಮ್ಮನಿಗೆ 29 ವರ್ಷ. ವಸಂತನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಒಂದು ತಿಂಗಳು ಜ್ವರ ಬಿಡಲಿಲ್ಲ, ಎಂಟು ಕೆಜಿ ಇಳಿದ. ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಅಂತ ಬಂತು. ಸಿಡಿ4, ಅಂದರೆ ರೋಗ ತಡೆಯುವ ರಕ್ತಕಣಗಳ ಲೆಕ್ಕ, 210 ಇದೆ. ತುಮಕೂರಿನ ಸರ್ಕಾರಿ ಎಚ್‌ಐವಿ ಚಿಕಿತ್ಸಾ ಕೇಂದ್ರದಲ್ಲಿ ಟಿಎಲ್‌ಡಿ ಅನ್ನುವ ಮಾತ್ರೆ ಕೊಟ್ಟಿದ್ದಾರೆ, ರಾತ್ರಿ ಒಂದು. ಜೊತೆಗೆ ಬೇರೆ ಸೋಂಕು ಬಾರದಂತೆ ಸೆಪ್ಟ್ರಾನ್. ಮಾತ್ರೆ ಶುರುವಾದ ಮೇಲೆ ಅವನಿಗೆ ನಿದ್ದೆಯೇ ಬರುತ್ತಿಲ್ಲ. ಪುಕ್ಕಟೆ ಮಾತ್ರೆ ಅಷ್ಟೇನೂ ಚೆನ್ನಾಗಿರಲ್ಲ, ಹೊರಗಡೆ ತಗೊಳ್ಳಿ ಅಂತ ಒಬ್ಬರು. ನಲವತ್ತು ಸಾವಿರಕ್ಕೆ ಪೂರ್ತಿ ವಾಸಿ ಮಾಡುವ ನಾಟಿ ಔಷಧಿ ಇದೆ ಅಂತ ಚಿಕ್ಕಮ್ಮ. ಅಮ್ಮ ಅವನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ. ಅವನು ಏನೂ ಅನ್ನಲ್ಲ, ಸುಮ್ನೆ ಎದ್ದು ತಾನೇ ತೊಳೆದಿಡುತ್ತಾನೆ. ಮದುವೆ ಮಾತು ಬೇರೆ ನಡೆಯುತ್ತಿತ್ತು. ನಾನೇನು ಮಾಡಲಿ?

ಶಿರಾದಿಂದ, 2006ರಿಂದ ಮಾತ್ರೆ ನುಂಗುತ್ತಿರುವವನು:

ಅಕ್ಕ, ಮೊದಲು ನಿದ್ದೆಯ ವಿಷಯ ಮುಗಿಸೋಣ. ಟಿಎಲ್‌ಡಿಯಲ್ಲಿರುವ ಡೊಲುಟೆಗ್ರಾವಿರ್ ಕೆಲವರಿಗೆ ನಿದ್ದೆ ಕೆಡಿಸುತ್ತದೆ. ನನಗೂ ಹಾಗೇ ಆಯ್ತು. ಕೇಂದ್ರದಲ್ಲಿ ಹೇಳಿದೆ, ಬೆಳಿಗ್ಗೆಗೆ ಬದಲಾಯಿಸಿದರು, ವಾರದಲ್ಲಿ ಸರಿಹೋಯಿತು. ನೀವೂ ಕೇಳಿ ಬದಲಾಯಿಸಿ. ಅವನಾಗಿ ನಿಲ್ಲಿಸುವುದು ಮಾತ್ರ ಬೇಡ.

ನಾನು ಶುರುಮಾಡಿದಾಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದೆ. ಆಗ ಕೊಡುತ್ತಿದ್ದ ಸ್ಟಾವುಡಿನ್‌ನಿಂದ ಅಂಗಾಲು ಉರಿ, ಕೆನ್ನೆ ಒಳಗೆ ಹೋಯಿತು. ಊರಿಗೆ ಬಂದರೆ ಮುಖ ನೋಡಿಯೇ ಏನೋ ಇದೆ ಅನ್ನುತ್ತಿದ್ದರು. ಆಮೇಲೆ ಎಫಾವಿರೆಂಜ್ ಇದ್ದ ಮಾತ್ರೆ ಬಂತು. ರಾತ್ರಿಯೆಲ್ಲ ಬಣ್ಣಬಣ್ಣದ ಕನಸು, ಒಂದು ಸಲ ಸತ್ತುಹೋದ ನಮ್ಮ ತಾತ ಎತ್ತಿನಗಾಡಿ ಕಟ್ಟಿಕೊಂಡು ಬಂದು ಬಾ ಅಂತ ಕರೆದಿದ್ದರು! 2021ರಲ್ಲಿ ಟಿಎಲ್‌ಡಿ ಕೊಟ್ಟರು. ಅಂದಿನದಕ್ಕೆ ಹೋಲಿಸಿದರೆ ನಿಮ್ಮ ತಮ್ಮನ ಮಾತ್ರೆ ಬಲು ಸಾಧು.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಊರಿಗೆ ವಾಪಸ್ ಬಂದ ಮೇಲೂ, ತುಮಕೂರಿನಲ್ಲಿ ಯಾರಾದರೂ ನೋಡಿಬಿಟ್ಟರೆ ಅಂತ ಬೆಂಗಳೂರಿಗೇ ಹೋಗುತ್ತಿದ್ದೆ. ಬಸ್ಸಿನ ದುಡ್ಡು, ಒಂದು ದಿನದ ಕೂಲಿ, ಮನೆಯಲ್ಲಿ ಹೇಳುವ ಸುಳ್ಳು. ಕಡಲೆಕಾಯಿ ಕೀಳುವ ಕಾಲದಲ್ಲಿ ಎರಡು ತಿಂಗಳು ಹೋಗಲಾಗಲಿಲ್ಲ. ಆಮೇಲೆ ಟಿಬಿ ಹಿಡಿದು ಆರು ತಿಂಗಳು ಮಲಗಿದೆ. ಹತ್ತಿರದ ಕೇಂದ್ರಕ್ಕೇ ಹೋಗಲಿ. ಅಲ್ಲಿ ಕಾಣುವವರು ನಮ್ಮಂಥವರೇ, ಅವರಿಗೂ ನಮ್ಮನ್ನು ನೋಡಿದರೆ ಅಷ್ಟೇ ಭಯ.

ಶಿಫ್ಟ್ ಇದ್ದರೆ ಮೂರೂ ಶಿಫ್ಟಿನಲ್ಲಿ ಅವನು ಎಚ್ಚರ ಇರುವ ಒಂದು ಹೊತ್ತು ಹುಡುಕಿ. ಎರಡು ಮಾತ್ರೆ ಚಿಕ್ಕ ಡಬ್ಬಿಯಲ್ಲಿ ಬ್ಯಾಗಿನಲ್ಲಿರಲಿ. ಮರೆತರೆ ನೆನಪಾದ ತಕ್ಷಣ ನುಂಗಲಿ, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಲಿ. ಎರಡು ಒಟ್ಟಿಗೆ ಬೇಡ.

ಕೋಲಾರದಿಂದ, ಔಷಧಿ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿದ್ದವರು:

"ಪುಕ್ಕಟೆ ಮಾತ್ರೆ ಚೆನ್ನಾಗಿರಲ್ಲ" ಅನ್ನುವವರಿಗೆ ನನ್ನ ಹತ್ತಿರ ಉದ್ದ ಉತ್ತರ ಇದೆ, ಬೇಜಾರಾದರೆ ಬಿಟ್ಟು ಮುಂದೆ ಓದಿ.

ಈ ವೈರಸ್ಸಿನ ಕೆಲಸ ನಮ್ಮ ಕಡೆಯ ಜಮೀನು ಕಬಳಿಸುವವರ ಹಾಗೆ. ಅದು ರಕ್ತಕಣದೊಳಗೆ ಬರುವಾಗ ತನ್ನ ಕಾಗದವನ್ನು ಬೇರೆ ಲಿಪಿಯಲ್ಲಿ ತರುತ್ತದೆ. ಅದನ್ನು ನಮ್ಮ ಲಿಪಿಗೆ ನಕಲು ಮಾಡಲು ಅದರ ಜೊತೆಗೇ ಒಬ್ಬ ಗುಮಾಸ್ತ ಬರುತ್ತಾನೆ. ನಕಲಾದ ಮೇಲೆ ಕಣದ ಪಹಣಿಯಲ್ಲಿ ತನ್ನ ಹೆಸರು ಸೇರಿಸುತ್ತದೆ. ಅಲ್ಲಿಗೆ ಆ ಕಣ ಅದರದ್ದೇ. ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಗುಮಾಸ್ತನ ಕೈಗೆ ಸುಳ್ಳು ಅಕ್ಷರ ಕೊಡುತ್ತವೆ. ಅದನ್ನು ಬರೆದ ಮೇಲೆ ಮುಂದಿನ ಅಕ್ಷರ ಸೇರುವುದಿಲ್ಲ, ನಕಲು ಅರ್ಧಕ್ಕೆ ನಿಲ್ಲುತ್ತದೆ. ತಪ್ಪಿಸಿಕೊಂಡು ಪೂರ್ತಿಯಾದ ನಕಲು ಪಹಣಿಗೆ ಸೇರದಂತೆ ಡೊಲುಟೆಗ್ರಾವಿರ್ ತಡೆಯುತ್ತದೆ. 300, 300, 50 ಮಿಲಿಗ್ರಾಂ, ಮೂರೂ ಒಂದೇ ಮಾತ್ರೆಯಲ್ಲಿ.

ಮೂರು ಯಾಕೆ? ಆ ಗುಮಾಸ್ತ ಬಲು ತಪ್ಪು ಬರೆಯುವವನು. ಯಾವುದೋ ಒಂದು ತಪ್ಪಿನಿಂದ ಒಂದು ಔಷಧಿಯ ಕೈ ತಪ್ಪಿಸಿಕೊಳ್ಳುತ್ತಾನೆ. ಎಜಡ್‌ಟಿ ಅನ್ನುವ ಔಷಧಿ 1964ರಲ್ಲೇ ಕ್ಯಾನ್ಸರಿಗೆ ಅಂತ ತಯಾರಾಗಿ ಮೂಲೆ ಸೇರಿತ್ತು. 1987ರಲ್ಲಿ ಅದೇ ಎಚ್‌ಐವಿಗೆ ಒಪ್ಪಿಗೆ ಪಡೆದ ಮೊದಲ ಔಷಧಿ ಆಯಿತು. ಒಂದೇ ಕೊಟ್ಟರು, ಸ್ವಲ್ಪ ದಿನ ಚೆನ್ನಾಗಿತ್ತು, ಆಮೇಲೆ ವೈರಸ್ ಅದನ್ನು ದಾಟಿತು. 1996ರ ಹೊತ್ತಿಗೆ ಮೂರು ಔಷಧಿ ಒಟ್ಟಿಗೆ ಕೊಡಲು ಶುರುಮಾಡಿದ ಮೇಲೆ ಹಾಸಿಗೆ ಹಿಡಿದವರು ಎದ್ದು ಓಡಾಡಿದರು. ಮೂರನ್ನೂ ಒಂದೇ ಸಲ ದಾಟುವಂಥ ತಪ್ಪು ಬರೆಯುವುದು ಕಷ್ಟ. ಆದರೆ ಮಾತ್ರೆ ಬಿಟ್ಟು ಬಿಟ್ಟು ನುಂಗಿದರೆ ಗುಮಾಸ್ತನಿಗೆ ಆ ಅಭ್ಯಾಸಕ್ಕೆ ನಾವೇ ಪುರುಸೊತ್ತು ಕೊಟ್ಟ ಹಾಗೆ.

ಈಗ ದುಡ್ಡಿನ ವಿಷಯ. ಆಗ ವಿದೇಶಿ ಕಂಪನಿಗಳು ಒಬ್ಬರ ಒಂದು ವರ್ಷದ ಔಷಧಿಗೆ ಹತ್ತು ಸಾವಿರ ಡಾಲರಿಗೂ ಜಾಸ್ತಿ ಕೇಳುತ್ತಿದ್ದವು. 2001ರ ಫೆಬ್ರವರಿಯಲ್ಲಿ ನಮ್ಮ ದೇಶದ ಸಿಪ್ಲಾ, ಯೂಸುಫ್ ಹಮೀದ್ ಅವರ ಕಂಪನಿ, ವರ್ಷಕ್ಕೆ 350 ಡಾಲರಿಗೆ ಕೊಡುತ್ತೇವೆ ಅಂದಿತು. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ! ಸರ್ಕಾರ 2004ರ ಏಪ್ರಿಲ್‌ನಿಂದ ಪುಕ್ಕಟೆ ಕೊಡಲು ಶುರುಮಾಡಿತು. ಇವತ್ತು ಆಫ್ರಿಕಾದ ಜನ ನುಂಗುವ ಎಚ್‌ಐವಿ ಮಾತ್ರೆಗಳಲ್ಲಿ ಹೆಚ್ಚಿನವು ನಮ್ಮಲ್ಲೇ ತಯಾರಾಗುತ್ತವೆ. ದುಡ್ಡು ಕೊಟ್ಟು ಹೊರಗೆ ಕೊಂಡರೂ ಸಿಗುವುದು ಇದೇ ಮೂರು ಔಷಧಿ. ಬೆಲೆ ಇಳಿದಿದ್ದು ಗುಣ ಇಳಿಸಿ ಅಲ್ಲ.

ನಾಟಿ ಔಷಧಿಗೆ ಒಂದೇ ಮಾತು. ಪಹಣಿಯಲ್ಲಿ ಈಗಾಗಲೇ ಸೇರಿದ ಹೆಸರನ್ನು ಅಳಿಸುವ ಔಷಧಿ ಇನ್ನೂ ಯಾರ ಕೈಯಲ್ಲೂ ಇಲ್ಲ. ಹೆಸರು ಸೇರಿದ ಕಣಗಳು ಕೆಲವು ನಿದ್ದೆ ಮಾಡುತ್ತಿರುತ್ತವೆ, ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಏಳುತ್ತವೆ. ಏಡ್ಸ್ ವಾಸಿ ಮಾಡುತ್ತೇವೆ ಅಂತ ಯಾವ ಔಷಧಿಯವರೂ ಹೇಳಿಕೊಳ್ಳುವ ಹಾಗಿಲ್ಲ, ನಮ್ಮ ಔಷಧಿ ನಿಯಮಗಳ ಶೆಡ್ಯೂಲ್ ಜೆ ಪಟ್ಟಿಯಲ್ಲೇ ಅದು ಇದೆ. ಆ ನಲವತ್ತು ಸಾವಿರವನ್ನು ಒಂದು ಸೀಮೆಹಸುವಿನ ಮೇಲೆ ಹಾಕಿದರೂ ಉಪಯೋಗ, ಚಿಕ್ಕಮ್ಮನಿಗೆ ಹೇಳಿ.

ಆರು ತಿಂಗಳಿಗೊಂದು ಇಂಜೆಕ್ಷನ್ ಬಂದಿದೆಯಂತೆ ಅಂತಲೂ ಯಾರಾದರೂ ಹೇಳಿಯಾರು. ಲೆನಕಾಪಾವಿರ್ ಅಂತ ಅದರ ಹೆಸರು. ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದ್ದು ಸೋಂಕು ಇಲ್ಲದವರಿಗೆ ಬಾರದಂತೆ ತಡೆಯಲು. ಅದಕ್ಕೆ ಕಾಯುತ್ತಾ ಕೂರುವುದು ಬೇಡ.

ಚಿಂತಾಮಣಿಯಿಂದ, ಹಿಂದೆ ಆಪ್ತ ಸಮಾಲೋಚಕಿಯಾಗಿದ್ದವರು:

ನೋಡಮ್ಮ, ಸಿಡಿ4 210 ಅಂದರೆ ಕಡಿಮೆ, ಮೊದಲ ಮೂರು ತಿಂಗಳು ಕಣ್ಣಿಟ್ಟಿರಬೇಕು. ಮಾತ್ರೆ ಕೆಲಸ ಶುರುಮಾಡಿ ಮೈಗೆ ಶಕ್ತಿ ಬರುವಾಗ, ಒಳಗೆ ಅಡಗಿದ್ದ ಟಿಬಿಯಂಥದ್ದು ಒಮ್ಮೆಲೇ ಜ್ವರ, ಗಂಟು ಅಂತ ಹೊರಗೆ ಬರಬಹುದು. ಎಷ್ಟೋ ಜನ "ಈ ಮಾತ್ರೆಯಿಂದಲೇ ಜಾಸ್ತಿ ಆಯ್ತು" ಅಂತ ನಿಲ್ಲಿಸಿಬಿಡುತ್ತಿದ್ದರು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಇದರಲ್ಲಿ ಒಂದಿದ್ದರೂ ಮುಂದಿನ ತಾರೀಖಿಗೆ ಕಾಯದೆ ಅವತ್ತೇ ಹೋಗಿ. ಟಿಬಿ ಬಾರದಂತೆ ಕೊಡುವ ಮಾತ್ರೆಯ ಬಗ್ಗೆಯೂ ಕೇಳಿ. ಸೆಪ್ಟ್ರಾನ್ ಅವರು ಸಾಕು ಅನ್ನುವವರೆಗೆ ಬೇಕು, ಸಿಡಿ4 350 ದಾಟಿ ನಿಂತ ಮೇಲೆ ಅವರೇ ನಿಲ್ಲಿಸುತ್ತಾರೆ.

ಯಾರೂ ಕೇಳದ ಒಂದು ಪ್ರಶ್ನೆ ನಾನು ಕೇಳುತ್ತೇನೆ. ಅವನಿಗೆ ಟಾನಿಕ್ ಏನಾದರೂ ಕೊಡುತ್ತಿದ್ದೀರಾ? ಕಬ್ಬಿಣಾಂಶದ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸಿಗೆ ಕುಡಿಯುವ ಔಷಧಿ ಇವು ಡೊಲುಟೆಗ್ರಾವಿರ್ ಜೊತೆ ಹೊಟ್ಟೆಯಲ್ಲೇ ಅಂಟಿಕೊಂಡು ಅದನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಎಚ್‌ಐವಿ ಮಾತ್ರೆ ನುಂಗಿ ಎರಡು ಗಂಟೆಯಾದರೂ ಬಿಟ್ಟು ಅವನ್ನು ಕೊಡಿ. ಅವನ್ನೇ ಮೊದಲು ಕೊಟ್ಟಿದ್ದರೆ ಆರು ಗಂಟೆ ಅಂತರ ಬೇಕು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ತಗೊಳ್ಳುವವರೂ ಡಾಕ್ಟರಿಗೆ ಹೇಳಲೇಬೇಕು, ಅದರ ಡೋಸ್ ನೋಡಿ ಕೊಡಬೇಕಾಗುತ್ತದೆ.

ತಟ್ಟೆ ಲೋಟಕ್ಕೆ ಬರೋಣ. ಜೊತೆಯಲ್ಲಿ ಉಣ್ಣುವುದರಿಂದ, ಒಂದೇ ಬಚ್ಚಲಿನಿಂದ, ಸೊಳ್ಳೆಯಿಂದ ಇದು ಬರಲ್ಲ. ಬೇರೆ ಇರಬೇಕಾದದ್ದು ಬ್ಲೇಡು, ಬ್ರಷ್ಷು, ಅಷ್ಟೇ. ಆದರೆ ಅಮ್ಮನಿಗೆ ನೀವು ಹೇಳಿದರೆ ನಂಬಲ್ಲ, ಮಕ್ಕಳ ಮಾತನ್ನು ಯಾವ ತಾಯಿ ನಂಬಿದ್ದಾಳೆ? ಮುಂದಿನ ಸಲ ಅವರನ್ನೂ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಆಪ್ತ ಸಮಾಲೋಚಕರ ಎದುರು ಕೂರಿಸಿ. ಬೈಯಬೇಡಿ. ಅವರು ಮಾಡುತ್ತಿರುವುದು ಅಸಹ್ಯದಿಂದಲ್ಲ, ಭಯದಿಂದ.

ಊಟಕ್ಕೆ ವಿಶೇಷ ಪಥ್ಯ ಏನೂ ಬೇಡ. ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪು, ಮೊಟ್ಟೆ ಧಾರಾಳ. ಹಸಿರು ಪುಸ್ತಕ ಕೊಟ್ಟಿರುತ್ತಾರಲ್ಲ, ಅದನ್ನು ಕಳೆಯಬೇಡಿ. ಆರು ತಿಂಗಳಿಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಅನ್ನುವ ಪರೀಕ್ಷೆ, ಮಾಡಿಸುತ್ತಾರೆ, ಮಾತ್ರೆ ಹಿಡಿದಿದೆಯೋ ಇಲ್ಲವೋ ಅಂತ ಅದರಲ್ಲಿ ಗೊತ್ತಾಗುತ್ತದೆ.

ಪಾವಗಡದಿಂದ, ಗಂಡನಿಗೆ ಇದೆ, ನನಗಿಲ್ಲ:

ಮದುವೆ ಮಾತು ಸದ್ಯ ನಿಲ್ಲಿಸಿ, ಪೂರ್ತಿ ಬಿಡಬೇಡಿ. ವೈರಲ್ ಲೋಡ್ 200ರ ಕೆಳಗೆ ನಿಂತು, ಮಾತ್ರೆ ತಪ್ಪದೆ ನಡೆದರೆ ದೈಹಿಕ ಸಂಬಂಧದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ನಮ್ಮ ಮಗಳಿಗೆ ಏಳು ವರ್ಷ, ಅವಳಿಗೂ ಇಲ್ಲ. ಆದರೆ ಹುಡುಗಿಗೆ ಮೊದಲೇ ಹೇಳಲೇಬೇಕು. ನನಗೆ ಇವರು ಮದುವೆಗೆ ಮುಂಚೆ, ನಮ್ಮ ಊರ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿದ್ದರು. ಮುಚ್ಚಿಟ್ಟಿದ್ದರೆ ನಾನು ಇವತ್ತು ಈ ಮನೆಯಲ್ಲಿ ಇರುತ್ತಿರಲಿಲ್ಲ.

ಫ್ಯಾಕ್ಟರಿಯಲ್ಲಿ ಹೇಳುವ ಅಗತ್ಯ ಇಲ್ಲ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸಕ್ಕೆ ಅಂತ ಟೆಸ್ಟ್ ಮಾಡಿಸು ಅನ್ನುವ ಹಾಗಿಲ್ಲ, ಅವನ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವ ಹಾಗಿಲ್ಲ. ನಮ್ಮವರ ಹರ್ನಿಯಾ ಆಪರೇಷನ್ನಿಗೆ ಒಂದು ನರ್ಸಿಂಗ್ ಹೋಮಿನವರು ಬೇಡ ಅಂದಾಗ ನನಗೆ ಈ ಕಾನೂನು ಗೊತ್ತಿರಲಿಲ್ಲ, ಅತ್ತುಕೊಂಡು ಬಂದೆ. ಏನೇ ಅನುಮಾನ ಇದ್ದರೂ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಹೋಗಲ್ಲ.

ಮಧುಗಿರಿ ಅಕ್ಕ, ಹತ್ತು ದಿನ ಬಿಟ್ಟು:

ಎಲ್ಲರಿಗೂ ಹೇಗೆ ಹೇಳಲಿ. ಚಿಂತಾಮಣಿ ಅಮ್ಮ, ನೀವು ಕೇಳಿದ್ದೇ ಸರಿ. ಮೈಗೆ ಹತ್ತಲಿ ಅಂತ ನಾನೇ ರಾತ್ರಿ ಆ ಮಾತ್ರೆಯ ಜೊತೆಗೇ ಕಬ್ಬಿಣಾಂಶದ ಟಾನಿಕ್ ಎರಡು ಚಮಚ ಕುಡಿಸುತ್ತಿದ್ದೆ! ಮೂರು ವಾರ. ಕೇಂದ್ರದಲ್ಲಿ ಹೇಳಿದಾಗ ಡಾಕ್ಟರ್ ಬೈಯಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡರು. ಈಗ ಮಾತ್ರೆ ಬೆಳಿಗ್ಗೆ ಏಳಕ್ಕೆ, ಟಾನಿಕ್ ಮಧ್ಯಾಹ್ನ ಊಟ ಆದ ಮೇಲೆ. ನೈಟ್ ಶಿಫ್ಟ್ ಇದ್ದರೆ ಬಂದು ಮಾತ್ರೆ ನುಂಗಿಯೇ ಮಲಗುತ್ತಾನೆ. ನಿದ್ದೆ ಸ್ವಲ್ಪ ಬರುತ್ತಿದೆ.

ಅಮ್ಮನೂ ಬಂದಿದ್ದರು. ಒಳಗೆ ಅರ್ಧ ಗಂಟೆ ಕೂತಿದ್ದರು, ಏನು ಕೇಳಿದರೋ ನಮಗೆ ಹೇಳಲಿಲ್ಲ. ತಟ್ಟೆ ಇನ್ನೂ ಬೇರೆಯೇ ಇದೆ. ನಿನ್ನೆ ಅವನು ತೊಳೆಯಲು ಎದ್ದಾಗ "ಇಡೋ ಅಲ್ಲಿ, ನಾನು ತೊಳೀತೀನಿ" ಅಂದರು.