ಉಳ್ಳಾಗಡ್ಡಿ ಕೋಶದ ಪೊರೆ ಕುಗ್ಗಿದ್ದು ಕಾಣವಲ್ದು, ಎಲ್ಲಿ ತಪ್ಪದ?

ಪ್ರಶ್ನೆ (ಪಿಯು ಉಪನ್ಯಾಸಕಿ, ಸುರಪುರ): ನಮಸ್ಕಾರ ಸರ್. ಪ್ಲಾಸ್ಮಾಲಿಸಿಸ್ (ಉಪ್ಪುನೀರಿನ್ಯಾಗ ಕೋಶದ ನೀರು ಹೊರಗ ಹೋಗಿ, ಪೊರೆ ಭಿತ್ತಿ ಬಿಟ್ಟು ಕುಗ್ಗೋದು) ಪ್ರಯೋಗ ಮಾಡ್ಸಿದೆವ್ರಿ. ಬಿಳಿ ಉಳ್ಳಾಗಡ್ಡಿ, ಅಂದಾಜಿನ ಮ್ಯಾಲೆ ಕಲಸಿದ ಉಪ್ಪುನೀರು. ಕೆಲವು ಸ್ಲೈಡಿನ್ಯಾಗ ಏನೂ ಕಾಣ್ಲಿಲ್ಲ. ಕಂಡಲ್ಲಿ ಮತ್ತ ನೀರು ಹಾಕಿದ್ರ ಕೋಶ ಮೊದಲಿನಂಗ ಆಗ್ಲಿಲ್ಲ.

ಉತ್ತರ: ಮೇಡಂ, ಮೊದಲು ಉಳ್ಳಾಗಡ್ಡಿ ಬದಲಿಸ್ರಿ. ಕೋಶಪೊರೆಯ ದಪ್ಪ ಬರೇ 7ರಿಂದ 10 ನ್ಯಾನೊಮೀಟರ್. ಲ್ಯಾಬಿನ ಸೂಕ್ಷ್ಮದರ್ಶಕ 200 ನ್ಯಾನೊಮೀಟರ್‌ಗಿಂತ ಸಣ್ಣದನ್ನು ಬಿಡಿಸಿ ತೋರಿಸಂಗಿಲ್ಲ. ಪೊರೆ ಸರಿದದ್ದು ತಿಳಿಯೋದು ಒಳಗಿನ ಬಣ್ಣ ಸರಿದಾಗ. ಆ ಬಣ್ಣ ರಸದಾನಿಯೊಳಗ, ಅಂದ್ರ ಕೋಶದೊಳಗಿನ ರಸ ತುಂಬಿದ ಚೀಲದೊಳಗ ಇರ್ತದ, ಅದೂ ಕೆಂಪು ಉಳ್ಳಾಗಡ್ಡಿಯ ದಪ್ಪ ಪದರದ ಉಬ್ಬಿದ ಹೊರಮೈಯೊಳಗ. ಒಳಮೈ ಸಿಪ್ಪಿ ಸುಲಭಕ್ಕ ಬಿಚ್ತದ ಅಂತ ಅದನ್ನೇ ತಗೀತಾರ, ಅದಕ್ಕ ಬಣ್ಣಿಲ್ಲ.

ಅರ್ಧ ಸೆಂಟಿಮೀಟರ್ ಚೌಕ ಸಿಪ್ಪಿ ಸಾಕು. ಮೊದಲು ಸಾದಾ ನೀರಿನ್ಯಾಗ ನೋಡ್ರಿ. ಆಮೇಲೆ 5 ಗ್ರಾಂ ಉಪ್ಪು ತೂಗಿ 100 ಮಿ.ಲೀ. ದ್ರಾವಣ ಮಾಡಿ, ಕವರ್ ಸ್ಲಿಪ್ಪಿನ ಒಂದು ಅಂಚಿಗೆ ಎರಡು ಹನಿ ಬಿಟ್ಟು, ಎದುರು ಅಂಚಿನಿಂದ ಫಿಲ್ಟರ್ ಪೇಪರ್ ಹಚ್ಚಿ ಎಳೀರಿ. ಕೆಲವೇ ನಿಮಿಷದಾಗ ಬಣ್ಣ ಮೂಲಿಯಿಂದ ಬಿಟ್ಕೊಂತ ಬರ್ತದ.

ಕೋಶ ಹಿಂದಕ್ಕ ಬರಲಿಲ್ಲ ಅಂದ್ರಿ. ಪೊರೆ ದ್ರವದಂಗ ಜಾರಾಡುವ ಹಾಳೆ, ರಬ್ಬರ್ ಅಲ್ಲ. ಪೊರೆಯ ಕೊಬ್ಬಿನಂಥ ಫಾಸ್ಫೊಲಿಪಿಡ್ ಅಣುಗಳು ಅಡ್ಡಡ್ಡ ಜಾರ್ತಾವ, ಆದ್ರ ಹಾಳೆಯ ವಿಸ್ತೀರ್ಣ ನೂರಕ್ಕ ಮೂರ್ನಾಲ್ಕು ಪಾಲು ಹಿಗ್ಗಿದ್ರ ಹರೀತದ. ಕೋಶ ಕುಗ್ಗುವಾಗ ಪೊರೆ ಸ್ವಲ್ಪ ಒಳಕ್ಕ ಮಡಚಿ ಹೋಗಿರ್ತದ. ಒಮ್ಮೆಲೆ ಸಾದಾ ನೀರು ಬಿಟ್ರ ಅದು ವಾಪಸ್ ಬರೋದರೊಳಗೇ ಕೋಶ ಒಡೀತದ. ಶೇ. 2.5ರ ಉಪ್ಪುನೀರು, ಆಮೇಲೆ ಶೇ. 1, ಕಡೀಕ ನೀರು, ಹಿಂಗ ಇಳಿಸ್ರಿ. ನಮ್ಮ ಕಡಿ ಬ್ಯಾಸಿಗ್ಯಾಗ ಫ್ಯಾನಿನ ಕೆಳಗ ಸ್ಲೈಡ್ ಇಟ್ರಂತೂ ನೀರು ಆರಿ, ಶೇ. 5 ಇದ್ದದ್ದು ಇನ್ನೂ ಗಟ್ಟಿಯಾಗಿ ಕೋಶನೇ ಸಾಯ್ತದ. ಅಂಚಿಗೆ ಉಪ್ಪಿನ ಹರಳು ಕಂಡ್ರ ಆ ಸ್ಲೈಡ್ ಬಿಟ್ಟುಬಿಡ್ರಿ.

ಪ್ರಶ್ನೆ (ವಿದ್ಯಾರ್ಥಿ, ಬೀದರ್): ಸರ್, ಕೋಶಭಿತ್ತಿಗೂ ಕುಗ್ಗಿದ ಪೊರೆಗೂ ನಡುವಿನ ಖಾಲಿ ಜಾಗದಾಗ ಗಾಳಿ ಇರ್ತದೇನ್ರಿ?

ಉತ್ತರ: ಇಲ್ಲಪ್ಪ, ನೀ ಹಾಕಿದ ಉಪ್ಪುನೀರೇ. ಭಿತ್ತಿ ಅದನ್ನ ತಡಿಯಂಗಿಲ್ಲ. ಪೊರೆಯ ನಡುವಿನ ಎಣ್ಣೆಯಂಥ ಭಾಗದಾಗ ಸೋಡಿಯಂ, ಕ್ಲೋರೈಡ್ ಅಯಾನುಗಳು ಸುಲಭಕ್ಕ ಹಾಯಂಗಿಲ್ಲ, ನೀರು ಹಾಯ್ತದ. ಪರೀಕ್ಷೆ ಮಾಡಬೇಕಂದ್ರ ಇನ್ನೊಂದು ಸಿಪ್ಪಿ 70 ಡಿಗ್ರಿ ನೀರಿನ್ಯಾಗ ಎರಡು ನಿಮಿಷ ಅದ್ದಿ ತೆಗಿ. ಪೊರೆ ಕೆಟ್ಟು ಬಣ್ಣ ಹೊರಗ ಸೋರ್ತದ. ಆಮೇಲೆ ಎಷ್ಟೇ ಉಪ್ಪು ಹಾಕಿದ್ರೂ ಕೋಶ ಕುಗ್ಗಂಗಿಲ್ಲ.