ಮಗನಿಗೆ 18 ತುಂಬಿದರೆ ಅವನ ಪಾಲಿನ ಜೀವನಾಂಶ ನಾವೇ ಕಡಿತ ಮಾಡಬಹುದಾ?

ಪ್ರಶ್ನೆ (ಗುಬ್ಬಿ ಕಡೆಯವರು):
ತುಮಕೂರಿನ ಕೌಟುಂಬಿಕ ನ್ಯಾಯಾಲಯ 2018ರಲ್ಲಿ ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 125ನೇ ಕಲಂ ಅಡಿ ಕೊಟ್ಟ ಜೀವನಾಂಶದ ಆದೇಶ. ಹೆಂಡತಿ, ಮಗ, ಮಗಳು ಮೂವರಿಗೂ ಸೇರಿ ತಿಂಗಳಿಗೆ 14,000. ಮಗನಿಗೆ ಬರುವ ತಿಂಗಳು 18 ತುಂಬುತ್ತೆ, ಪಿಯುಸಿ ಮುಗಿದಿದೆ. ಮಗಳಿಗೆ 16. ಮೂರರಲ್ಲಿ ಒಂದು ಪಾಲು ಕಳೆದು ಕಟ್ಟಿದರೆ ಸಾಕಾ? ಮಗಳಿಗೂ 18ಕ್ಕೇ ಮುಗಿಯುತ್ತಾ?

ಉತ್ತರ 1 (ನಕಲು ಶಾಖೆ):
ಕಳೆಯಬೇಡಿ. ಮೊದಲು ಆದೇಶದ ಕೊನೆಯ ಪ್ಯಾರಾ ಓದಿ. ಮಗನಿಗೆ ಇಷ್ಟು, ವಯಸ್ಕನಾಗುವವರೆಗೆ ಅಂತ ಬಿಡಿಸಿ ಬರೆದಿದ್ದರೆ ಆ ಮೊತ್ತ 18ಕ್ಕೆ ನಿಲ್ಲುತ್ತೆ. ನಿಮ್ಮದರಲ್ಲಿ ಒಟ್ಟು ಮೊತ್ತ ಮಾತ್ರ ಇದೆ, ಸಮಪಾಲು ಅಂತ ಕೋರ್ಟ್ ಎಲ್ಲೂ ಹೇಳಿಲ್ಲ. ನೀವೇ ಭಾಗಿಸಿ 9,334 ಕಟ್ಟಿದರೆ ತಿಂಗಳಿಗೆ 4,666 ಬಾಕಿ ಅಂತಲೇ ಲೆಕ್ಕ ಬೀಳುತ್ತೆ. ವರ್ಷಕ್ಕೆ 55,992. ಬಾಕಿ ಬಿದ್ದ ಒಂದು ವರ್ಷದೊಳಗೆ ಅವರು ಅರ್ಜಿ ಹಾಕಿದರೆ ವಾರಂಟ್ ಬರುತ್ತೆ. ಆಗಲೂ ಕಟ್ಟದೆ ಜೈಲಿಗೆ ಹೋಗಿ ಬಂದರೂ ಬಾಕಿ ತೀರಲ್ಲ, ಇದನ್ನು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಸರಿಯಾದ ದಾರಿ ಅಂದರೆ ಅದೇ ಕೋರ್ಟಿನಲ್ಲಿ ಮಾರ್ಪಾಡು ಅರ್ಜಿ. ಸಿಆರ್‌ಪಿಸಿಯ ಹಳೆಯ 127ನೇ ಕಲಂ ಈಗ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 146. ಆದೇಶದ ದೃಢೀಕೃತ ನಕಲು, ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಇದುವರೆಗೆ ಕಟ್ಟಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್, ಜೊತೆಗೆ ಆಸ್ತಿ ಮತ್ತು ಹೊಣೆಗಾರಿಕೆಯ ಅಫಿಡವಿಟ್ ಬೇಕು. ಸುಪ್ರೀಂ ಕೋರ್ಟಿನ 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಈ ಅಫಿಡವಿಟ್ ಇಲ್ಲದೆ ಕೇಸ್ ಮುಂದೆ ಹೋಗೋದು ಕಷ್ಟ. ಅರ್ಜಿ ಹಾಕುವ ಮುಂಚಿನ ತಿಂಗಳುಗಳಿಗೂ ಕಡಿತ ಸಿಗುತ್ತೆ ಅಂತ ನಂಬಿ ಕೂರಬೇಡಿ, 18 ತುಂಬಿದ ವಾರದಲ್ಲೇ ಹಾಕಿ. ಆದೇಶ ಬರೋವರೆಗೂ ಪೂರ್ತಿ 14,000 ಕಟ್ಟಿ.

ಒಂದು ಮಾತು: ಕಡಿತ ಕೇಳಿದರೆ ಎದುರಿನವರು ಹೆಚ್ಚಳ ಕೇಳ್ತಾರೆ. 2018ರ ಮೊತ್ತ ಇವತ್ತಿನ ಬೆಲೆಗೆ ಸಾಲದು ಅನ್ನೋ ವಾದ ಬಲವಾದದ್ದೇ. ಒಟ್ಟು ಮೊತ್ತ ಇಳಿಯದೇ ಇರಬಹುದು.

ಉತ್ತರ 2 (ಶಿರಾ ರಸ್ತೆ):
ಮಗಳ ವಿಷಯ ಬೇರೆ. 125ರ ಪ್ರಕಾರ 18 ದಾಟಿದ ಮಕ್ಕಳಿಗೆ ಸಿಗೋದು ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲು ಆಗದಿದ್ದರೆ ಮಾತ್ರ. ಆದರೆ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರ 20(3)ರಡಿ, ಸ್ವಂತ ಸಂಪಾದನೆ ಅಥವಾ ಆಸ್ತಿಯಿಂದ ಬದುಕಲು ಆಗದ ಅವಿವಾಹಿತ ಮಗಳನ್ನು ನೋಡಿಕೊಳ್ಳೋ ಹೊಣೆ 18 ಆದಮೇಲೂ ಇದೆ. ಸುಪ್ರೀಂ ಕೋರ್ಟಿನ 2020ರ ಅಭಿಲಾಷಾ ತೀರ್ಪು ಇದನ್ನೇ ಹೇಳಿದ್ದು. ಹಳೆಯ ಆದೇಶವನ್ನೇ ಎಳೆದು ಮುಂದುವರಿಸೋಕೆ ಆಗಲ್ಲ, ಮಗಳು ತನ್ನ ಹೆಸರಲ್ಲಿ ಪ್ರತ್ಯೇಕ ದಾವೆ ಹೂಡಬೇಕು. ಕಾಲೇಜು ಫೀ ರಸೀದಿ, ಹಾಸ್ಟೆಲ್ ಖರ್ಚು ಈಗಿಂದಲೇ ಎತ್ತಿಡಲಿ. ವಕೀಲರ ಫೀಗೆ ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಹೆಣ್ಣುಮಕ್ಕಳಿಗೆ ಆದಾಯ ಮಿತಿ ಇಲ್ಲದೆ ಉಚಿತ ವಕೀಲರು ಸಿಗ್ತಾರೆ, ಸಹಾಯವಾಣಿ 15100.

ಪ್ರಶ್ನೆ ಕೇಳಿದವರು:
ಮಗನ ಡಿಗ್ರಿ ಫೀ ನೇರವಾಗಿ ಕಾಲೇಜಿಗೆ ಕಟ್ಟಿ 14,000ದಲ್ಲಿ ಹೊಂದಿಸಬಹುದಾ?

ಉತ್ತರ 1 (ನಕಲು ಶಾಖೆ):
ಫೀ ಕಟ್ಟಿ, ಖಂಡಿತ ಕಟ್ಟಿ, ಓದು ನಿಲ್ಲಬಾರದು. ಆದರೆ ಕೋರ್ಟ್ ಅನುಮತಿ ಇಲ್ಲದೆ ಅದು ಜೀವನಾಂಶಕ್ಕೆ ಜಮೆ ಆಗಲ್ಲ. ರಸೀದಿ ಇಟ್ಟುಕೊಂಡು 146ರ ಅರ್ಜಿಯಲ್ಲೇ ಅದನ್ನೂ ಬರೆಸಿ. ನಗದು ಕೈಗೆ ಕೊಡಬೇಡಿ.