ಐದನೇ ಸೆಮಿಸ್ಟರ್‌ನ ಹೊರೆ: ಗಣಿತದ ಬ್ಯಾಕ್‌ಲಾಗ್ ಇರುವಾಗ ಎರಡು ಎನ್‌ಪಿಟಿಇಎಲ್ ಕೋರ್ಸ್ ತೆಗೆದುಕೊಳ್ಳಬಹುದೇ?

ಪ್ರಶ್ನೆ: ಐದನೇ ಸೆಮ್ ವಿದ್ಯಾರ್ಥಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಕಾಲೇಜೊಂದರಲ್ಲಿ 2022ರ ಸ್ಕೀಮ್‌ನಡಿ (ಪಠ್ಯಕ್ರಮ) ಕಂಪ್ಯೂಟರ್ ಸೈನ್ಸ್ ಓದುತ್ತಿದ್ದು, ಆಗಸ್ಟ್ ಕೊನೆಯ ವಾರ ನಮ್ಮ ಐದನೇ ಸೆಮಿಸ್ಟರ್ ಆರಂಭವಾಗಲಿದೆ. ಸಾಫ್ಟ್‌ವೇರ್ ಎಂಜಿನಿಯರಿಂಗ್, ಕಂಪ್ಯೂಟರ್ ನೆಟ್‌ವರ್ಕ್ಸ್, ಥಿಯರಿ ಆಫ್ ಕಂಪ್ಯುಟೇಶನ್, ವೆಬ್ ಲ್ಯಾಬ್, ಮಿನಿ ಪ್ರಾಜೆಕ್ಟ್, ರಿಸರ್ಚ್ ಮೆಥಡಾಲಜಿ, ಪರಿಸರ ಅಧ್ಯಯನ ಇವೆಲ್ಲ ನಿಗದಿಯಾಗಿಯೇ ಬರುತ್ತವೆ. ಎಲೆಕ್ಟಿವ್‌ಗೆ, ಅಂದರೆ ಆರಿಸಿಕೊಳ್ಳಬೇಕಾದ ವಿಷಯಕ್ಕೆ, ನಮ್ಮ ವಿಭಾಗದವರು ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಮತ್ತು ಯುನಿಕ್ಸ್ ಸಿಸ್ಟಂ ಪ್ರೋಗ್ರಾಮಿಂಗ್ ಎಂಬ ಎರಡೇ ಆಯ್ಕೆಗಳನ್ನು ಕೊಟ್ಟಿದ್ದಾರೆ.

ಇದರ ಮೇಲೆ ಮೂರನೇ ಸೆಮಿಸ್ಟರ್‌ನ ಗಣಿತ ಪಾಸಾಗದೆ ಬಾಕಿ (ಬ್ಯಾಕ್‌ಲಾಗ್) ಉಳಿದಿದೆ. ಅದರಲ್ಲಿ ಸಿಐಇ (ಕಾಲೇಜಿನ ಆಂತರಿಕ ಅಂಕ) 50ಕ್ಕೆ 31 ಬಂದಿತ್ತು, ಆದರೆ ಎಸ್‌ಇಇಯಲ್ಲಿ (ಸೆಮಿಸ್ಟರ್ ಕೊನೆಯ ಪರೀಕ್ಷೆ) 14 ಮಾತ್ರ. ಪ್ಲೇಸ್‌ಮೆಂಟ್‌ಗೆ ನೆರವಾದೀತೆಂದು ಎನ್‌ಪಿಟಿಇಎಲ್‌ನ (ಐಐಟಿ, ಐಐಎಸ್‌ಸಿಗಳ ಆನ್‌ಲೈನ್ ಕೋರ್ಸ್ ವೇದಿಕೆ) ಹನ್ನೆರಡು ವಾರಗಳ ಎರಡು ಕೋರ್ಸ್‌ಗಳಿಗೆ, ಅಂದರೆ ಮಷೀನ್ ಲರ್ನಿಂಗ್ ಮತ್ತು ಕ್ಲೌಡ್ ಕಂಪ್ಯೂಟಿಂಗ್‌ಗೆ, ಹೆಸರು ನೋಂದಾಯಿಸುವ ಯೋಚನೆಯಿದೆ. ಹಾಸ್ಟೆಲಿನಲ್ಲಿರುವುದರಿಂದ ಓಡಾಟದ ಕಾಟವಿಲ್ಲ. ತರಗತಿ, ಲ್ಯಾಬ್, ಊಟ, ನಿದ್ದೆ ಕಳೆದು ಪ್ರಾಮಾಣಿಕವಾಗಿ ಎಣಿಸಿದರೆ ವಾರಕ್ಕೆ 24 ಗಂಟೆ ಓದಿಗೆ ಸಿಗಬಹುದು. ಇಷ್ಟರಲ್ಲಿ ಇವೆಲ್ಲ ಹಿಡಿಸುತ್ತವೆಯೇ? ಇಲ್ಲವಾದರೆ ಯಾವುದನ್ನು ಬಿಡಬೇಕು?

ಉತ್ತರ 1: ಬೋಧಕ, ಕಂಪ್ಯೂಟರ್ ಸೈನ್ಸ್ ವಿಭಾಗ

ಕ್ರೆಡಿಟ್ ಎಣಿಸುವ ಬದಲು ಗಂಟೆ ಎಣಿಸಲು ಹೊರಟಿದ್ದೀರಿ, ಅದು ಸರಿಯಾದ ಆರಂಭ. ವಾರಕ್ಕೆ ಒಂದು ಗಂಟೆಯ ಪಾಠಕ್ಕೂ ಎರಡು ಗಂಟೆಯ ಲ್ಯಾಬಿಗೂ ಒಂದೊಂದೇ ಕ್ರೆಡಿಟ್ ಸಿಗುತ್ತದೆ. ಅಲ್ಲದೆ ಕ್ರೆಡಿಟ್ ಎನ್ನುವುದು ಕಾಲೇಜಿನೊಳಗಿನ ಸಮಯದ ಲೆಕ್ಕವೇ ಹೊರತು ಕೋಣೆಗೆ ಮರಳಿದ ಮೇಲೆ ಆ ವಿಷಯ ನಿಮ್ಮನ್ನು ಎಷ್ಟು ಹೊತ್ತು ಕೂರಿಸಿಕೊಳ್ಳುತ್ತದೆ ಎಂಬುದರ ಲೆಕ್ಕವಲ್ಲ.

ನಿಮ್ಮ ವಾರವನ್ನು ನಾನು ಹೀಗೆ ಅಂದಾಜಿಸುತ್ತೇನೆ. ಥಿಯರಿ ಆಫ್ ಕಂಪ್ಯುಟೇಶನ್‌ಗೆ 5 ಗಂಟೆ, ನೆಟ್‌ವರ್ಕ್ಸ್‌ಗೆ ಅದರ ಲ್ಯಾಬ್ ರೆಕಾರ್ಡ್ ಸೇರಿ 4, ಬಾಕಿಯಿರುವ ಗಣಿತಕ್ಕೆ 4, ಮಿನಿ ಪ್ರಾಜೆಕ್ಟಿಗೆ 4, ಎಲೆಕ್ಟಿವ್‌ಗೆ 3. ಇಲ್ಲಿಗೆ 20 ಆಯಿತು. ಎನ್‌ಪಿಟಿಇಎಲ್‌ನ ಪ್ರತಿ ಕೋರ್ಸ್ ವೀಡಿಯೊ ಮತ್ತು ವಾರದ ಅಸೈನ್‌ಮೆಂಟ್ ಸೇರಿ ನಾಲ್ಕು ಗಂಟೆ ಬೇಡುತ್ತದೆ. ಎರಡು ತೆಗೆದುಕೊಂಡರೆ 28, ಒಂದಾದರೆ 24. ಸಾಫ್ಟ್‌ವೇರ್ ಎಂಜಿನಿಯರಿಂಗ್, ರಿಸರ್ಚ್ ಮೆಥಡಾಲಜಿ ಮತ್ತು ಪರಿಸರ ಅಧ್ಯಯನಕ್ಕೆ ನಾನು ಏನನ್ನೂ ಇಟ್ಟಿಲ್ಲ, ಏಕೆಂದರೆ ಅವನ್ನು ನಮ್ಮ ಮಕ್ಕಳು ಹೇಗಿದ್ದರೂ ಇಂಟರ್ನಲ್ಸ್‌ನ (ಕಾಲೇಜಿನ ಆಂತರಿಕ ಪರೀಕ್ಷೆ) ಹಿಂದಿನ ವಾರವೇ ಓದುವುದು. ಬೋಧಕನಾಗಿ ಇದನ್ನು ಬರೆಯಬಾರದು, ಆದರೂ ಸತ್ಯವದು.

ಎರಡನೆಯ ಮಾತು ಹೆಚ್ಚು ಮುಖ್ಯವಾದದ್ದು. ಒಟ್ಟು ಗಂಟೆಗಳಿಗಿಂತ ಅವು ಯಾವ ವಾರದಲ್ಲಿ ಬಂದು ಬೀಳುತ್ತವೆ ಎಂಬುದೇ ವಿದ್ಯಾರ್ಥಿಯನ್ನು ಕೆಡಹುವುದು. ಆಗಸ್ಟ್ ಕೊನೆಗೆ ತರಗತಿ ಶುರುವಾದರೆ ಮೊದಲ ಇಂಟರ್ನಲ್ಸ್ ಅಕ್ಟೋಬರ್ ಮೊದಲ ಭಾಗಕ್ಕೂ ಎರಡನೆಯದು ನವೆಂಬರ್ ಕೊನೆಯ ಆಸುಪಾಸಿಗೂ ಬರುತ್ತದೆ. ಜುಲೈ ಸರದಿಯ ಎನ್‌ಪಿಟಿಇಎಲ್ ಪರೀಕ್ಷೆ ಹೆಚ್ಚುಕಡಿಮೆ ಇವೆರಡರ ನಡುವೆ ನಿಲ್ಲುತ್ತದೆ. ಕೋರ್ಸ್ ಮಾತ್ರ ಜುಲೈ ಕೊನೆಗೇ ಆರಂಭವಾಗುವುದರಿಂದ, ರಜೆಯಲ್ಲೇ ಮೊದಲ ನಾಲ್ಕೈದು ವಾರಗಳ ಪಾಠ ಮುಗಿಸುವ ಅವಕಾಶ ನಿಮಗಿದೆ. ಹನ್ನೆರಡು ಅಸೈನ್‌ಮೆಂಟ್‌ಗಳಲ್ಲಿ ಉತ್ತಮವಾದ ಎಂಟನ್ನು ಮಾತ್ರ ಪರಿಗಣಿಸುವ ಕಾರಣ, ಇಂಟರ್ನಲ್ಸ್ ವಾರದ ಒಂದೆರಡನ್ನು ಬಿಟ್ಟರೂ ನಷ್ಟವಿಲ್ಲ. ಅಂಕದಲ್ಲಿ ಅಸೈನ್‌ಮೆಂಟ್‌ಗಳ ಪಾಲು 25, ಪರೀಕ್ಷೆಯದು 75. ಆ ಪರೀಕ್ಷೆ ಮುಗಿದೊಡನೆ ಬಿಡುವಾಗುವ ನಾಲ್ಕು ಗಂಟೆಗಳನ್ನು ಹಾಗೆಯೇ ಗಣಿತಕ್ಕೆ ವರ್ಗಾಯಿಸಿ.

ಗಣಿತದ ಬಗ್ಗೆ ಭಯ ಬೇಡ. ನಿಮ್ಮ ಸಿಐಇ 31 ಹಾಗೆಯೇ ಉಳಿದಿರುವುದರಿಂದ ಎಸ್‌ಇಇಯಲ್ಲಿ 50ಕ್ಕೆ 18, ಅಂದರೆ ನೂರರ ಪ್ರಶ್ನೆಪತ್ರಿಕೆಯಲ್ಲಿ 35ರಷ್ಟು, ಬಂದರೆ ಸಾಕು. ಪ್ರತಿ ಮಾಡ್ಯೂಲ್‌ನಿಂದ (ಪಠ್ಯದ ಘಟಕ) 20 ಅಂಕಗಳ ಎರಡು ಪ್ರಶ್ನೆ ಬಂದು ಒಂದಕ್ಕೆ ಉತ್ತರಿಸಬೇಕಿರುವುದರಿಂದ, ಸಂಭವನೀಯತಾ ವಿತರಣೆ, ಮಾರ್ಕೋವ್ ಸರಪಳಿ ಹಾಗೂ ಊಹೆ ಪರೀಕ್ಷೆಯ ಲೆಕ್ಕಗಳನ್ನು ಕೈಗೆ ಹತ್ತುವಷ್ಟು ಮಾಡಿಕೊಂಡರೆ ದಡ ಸೇರುತ್ತೀರಿ. ಆದರೆ ಅದನ್ನು ಜನವರಿಯ ಪರೀಕ್ಷಾ ರಜೆಗೆಂದು ಎತ್ತಿಡಬೇಡಿ. ಆಗ ಈ ಸೆಮಿಸ್ಟರ್‌ನ ಪತ್ರಿಕೆಗಳೇ ಇಡೀ ರಜೆಯನ್ನು ನುಂಗಿಬಿಡುತ್ತವೆ.

ಉತ್ತರ 2: ಎರಡು ವರ್ಷದ ಹಿಂದಿನ ಪದವೀಧರ, ಈಗ ಬೆಂಗಳೂರಿನಲ್ಲಿ ಕೆಲಸ

ಸರ್ ಹೇಳಿದ ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಮಿನಿ ಪ್ರಾಜೆಕ್ಟಿಗೆ ಅವರು ಇಟ್ಟ ನಾಲ್ಕು ಗಂಟೆ ಕಾಗದದ ಮೇಲಿನ ನಾಲ್ಕು ಗಂಟೆ. ನಾವು ನಾಲ್ವರು ಐದನೇ ಸೆಮಿಸ್ಟರ್‌ನಲ್ಲಿ ಹೊಲದ ಎಲೆಗಳ ಚಿತ್ರದಿಂದ ರೋಗ ಗುರುತಿಸುವ ಆ್ಯಪ್ ಮಾಡುತ್ತೇವೆಂದು ಸಾರಾಂಶ ಬರೆದುಕೊಟ್ಟೆವು. ಸೆಪ್ಟೆಂಬರ್ ಪೂರ್ತಿ ಚಿತ್ರ ಕೂಡಿಹಾಕುವುದರಲ್ಲೇ ಕಳೆಯಿತು, ಅಕ್ಟೋಬರ್‌ನಲ್ಲಿ ಇಬ್ಬರು ಕಾಲೇಜು ಹಬ್ಬದ ಕೆಲಸಕ್ಕೆ ಹೊರಟರು, ಎರಡನೆಯ ಇಂಟರ್ನಲ್ಸ್ ಮತ್ತು ಪ್ರಾಜೆಕ್ಟ್ ಮಂಡನೆ ಒಂದೇ ವಾರಕ್ಕೆ ಬಂದಾಗ ನಾನು ನೆಟ್‌ವರ್ಕ್ಸ್‌ನಲ್ಲಿ ಬರೆದದ್ದು ಒಂದೂವರೆ ಪ್ರಶ್ನೆ. ಕೊನೆಗೆ ಮೂವರು ಪರೀಕ್ಷಕರೂ ಆ್ಯಪ್ ತೆರೆದು ನೋಡಲಿಲ್ಲ, ವರದಿಯ ಪುಟ ತಿರುಗಿಸಿ ನಾಲ್ಕು ಪ್ರಶ್ನೆ ಕೇಳಿದರು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ವರದಿ, ಮಂಡನೆ ಮತ್ತು ಪ್ರಶ್ನೋತ್ತರಗಳಿಗೆ 50:25:25ರ ಅನುಪಾತದಲ್ಲಿ ಅಂಕವೆಂದು ಪಠ್ಯಕ್ರಮದಲ್ಲೇ ಬರೆದಿದೆ, ನಾವು ಓದಿರಲಿಲ್ಲ ಅಷ್ಟೆ.

ಆದ್ದರಿಂದ ಹಿಂದಿನ ಸೆಮಿಸ್ಟರ್‌ನ ಡಿಬಿಎಂಎಸ್ (ಡೇಟಾಬೇಸ್) ಲ್ಯಾಬಿನಲ್ಲಿ ಕಲಿತದ್ದನ್ನೂ ಈ ಬಾರಿಯ ವೆಬ್ ಲ್ಯಾಬಿನಲ್ಲಿ ಕಲಿಯುವುದನ್ನೂ ಸೇರಿಸಿ ಮಾಡಬಹುದಾದ ಚಿಕ್ಕದೊಂದನ್ನು ಆರಿಸಿಕೊಳ್ಳಿ. ಹಾಸ್ಟೆಲ್ ಮೆಸ್ಸಿನ ಲೆಕ್ಕದ ಪುಸ್ತಕವಾದರೂ ನಡೆಯುತ್ತದೆ. ಅಕ್ಟೋಬರ್ ಇಂಟರ್ನಲ್ಸ್‌ಗೂ ಮೊದಲೇ ಅದು ಓಡುವಂತಿರಬೇಕು, ವರದಿಯನ್ನು ಅಲ್ಲಿಂದ ಮುಂದೆ ಬಿಡುವಾದಾಗಲೆಲ್ಲ ಬರೆಯಬಹುದು.

ಎಲೆಕ್ಟಿವ್ ಬಗ್ಗೆ ಒಂದು ಮಾತು. ನಮ್ಮ ಗುಂಪಿನ ಬಹುತೇಕರು ಯುನಿಕ್ಸ್ ಬಿಟ್ಟು ಎಐ ಹಿಡಿದದ್ದು ಗೆಳೆಯರೆಲ್ಲ ಅಲ್ಲಿದ್ದರೆಂಬ ಕಾರಣಕ್ಕೆ. ಮೂರನೇ ಸೆಮಿಸ್ಟರ್‌ನ ಆಪರೇಟಿಂಗ್ ಸಿಸ್ಟಮ್ಸ್ ನಿಮಗೆ ಅರ್ಥವಾಗಿದ್ದರೆ ಯುನಿಕ್ಸ್ ಪತ್ರಿಕೆಯ ಫೋರ್ಕ್, ಎಕ್ಸೆಕ್, ಸಿಗ್ನಲ್, ಪೈಪ್ ಇವೆಲ್ಲ ಅದರ ಮುಂದುವರಿಕೆಯಂತೆ ಬರುತ್ತವೆ. ಹೊಸದಾಗಿ ಹೊರುವುದು ಕಡಿಮೆ. ಎಐ ತೆಗೆದುಕೊಳ್ಳುವುದಾದರೆ ಎನ್‌ಪಿಟಿಇಎಲ್‌ನಲ್ಲಿ ಕ್ಲೌಡ್ ಬಿಟ್ಟು ಮಷೀನ್ ಲರ್ನಿಂಗ್ ಉಳಿಸಿಕೊಳ್ಳಿ.

ಉತ್ತರ 3: ಡಿಪ್ಲೊಮಾ ಮುಗಿಸಿ ಬಂದ ವಿದ್ಯಾರ್ಥಿನಿ, ಏಳನೇ ಸೆಮ್

ಇಬ್ಬರಿಗೂ ಗೌರವಪೂರ್ವಕವಾಗಿ ಒಂದು ಭಿನ್ನಾಭಿಪ್ರಾಯ. ಎನ್‌ಪಿಟಿಇಎಲ್ ಕೋರ್ಸನ್ನು ಸೆಮಿಸ್ಟರ್‌ನ ಮೇಲೆ ಹೇರಿದ ಇನ್ನೊಂದು ಮೂಟೆಯಂತೆ ಏಕೆ ಕಾಣಬೇಕು? ನಾನು ಮದ್ದೂರಿನಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವಳು, ನಿಮ್ಮ 24 ಗಂಟೆಯಲ್ಲಿ ನನಗೆ ಸಿಗುತ್ತಿದ್ದದ್ದು ಹದಿನೈದು. ಅದಕ್ಕಾಗಿ ಜುಲೈನಲ್ಲಿ ಎನ್‌ಪಿಟಿಇಎಲ್‌ನ ಥಿಯರಿ ಆಫ್ ಕಂಪ್ಯುಟೇಶನ್ ಕೋರ್ಸಿಗೇ ಸೇರಿಕೊಂಡೆ. ಕಾಲೇಜಿನಲ್ಲಿ ಫೈನೈಟ್ ಆಟೊಮೇಟಾ ಆರಂಭವಾಗುವ ಹೊತ್ತಿಗೆ ನನ್ನ ವೀಡಿಯೊಗಳು ಅದರ ಮುಂದೆ ಬರುವ ಪಂಪಿಂಗ್ ಲೆಮ್ಮಾ ಪಾಠವನ್ನೂ ದಾಟಿದ್ದವು. ತರಗತಿಯೇ ಪುನರಾವರ್ತನೆಯಾಗಿ, ಸರ್ ಬರೆದ ಐದು ಗಂಟೆ ಮತ್ತು ನಾಲ್ಕು ಗಂಟೆ ಎರಡೂ ಸೇರಿ ಆರಕ್ಕೆ ಇಳಿದವು. ಈ ಬಾರಿಯ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ನೆಟ್‌ವರ್ಕ್ಸ್ ಇದೆಯೇ ನೋಡಿ. ಪ್ರಮಾಣಪತ್ರದ ಮೇಲೆ ಮಷೀನ್ ಲರ್ನಿಂಗ್ ಎಂದಿರುವುದಕ್ಕಿಂತ ಬ್ಯಾಕ್‌ಲಾಗ್ ಇಲ್ಲದಿರುವುದನ್ನೇ ಪ್ಲೇಸ್‌ಮೆಂಟಿಗೆ ಬಂದವರು ಮೊದಲು ಕೇಳಿದ್ದನ್ನು ಈ ತಿಂಗಳು ಕಣ್ಣಾರೆ ಕಂಡಿದ್ದೇನೆ.

ನೆಟ್‌ವರ್ಕ್ಸ್ ಲ್ಯಾಬ್ ಬಗ್ಗೆ ಎಚ್ಚರವಿರಲಿ. ಅದು ಥಿಯರಿಯೊಂದಿಗೆ ಬೆಸೆದಿರುವ ಪತ್ರಿಕೆ, ಲ್ಯಾಬಿಗೆ ಪ್ರತ್ಯೇಕ ಎಸ್‌ಇಇ ಇಲ್ಲ. ಸಿಐಇಯ 50ರಲ್ಲಿ 25 ಲ್ಯಾಬಿನದೇ ಆದ್ದರಿಂದ, ರೆಕಾರ್ಡ್ ಬಾಕಿ ಉಳಿಸಿಕೊಂಡವರಿಗೆ ಆಮೇಲೆ ಅದನ್ನು ಸರಿಪಡಿಸಿಕೊಳ್ಳುವ ಜಾಗವೇ ಇರುವುದಿಲ್ಲ. ಪ್ರೋಗ್ರಾಂ ಓಡಿಸಿದ ದಿನದ ರಾತ್ರಿಯೇ ಬರೆದು ಮುಗಿಸಿ.

ಪ್ರಶ್ನೆ ಕೇಳಿದವನಿಂದ

ಮೂವರಿಗೂ ಧನ್ಯವಾದಗಳು. ಅಕ್ಕ ಹೇಳಿದಂತೆ ಪಟ್ಟಿ ನೋಡಿದೆ, ಥಿಯರಿ ಆಫ್ ಕಂಪ್ಯುಟೇಶನ್ ಇದೆ. ಅದೊಂದಕ್ಕೇ ನೋಂದಾಯಿಸಿ, ಮಷೀನ್ ಲರ್ನಿಂಗ್ ಮತ್ತು ಕ್ಲೌಡ್ ಎರಡನ್ನೂ ಬಿಟ್ಟಿದ್ದೇನೆ. ಉಳಿಯುವ ಮೂರು ಗಂಟೆಯಲ್ಲಿ ಎರಡನ್ನು ಮೊದಲ ದಿನದಿಂದಲೇ ಗಣಿತಕ್ಕೆ ಕೊಟ್ಟು, ಒಂದನ್ನು ಏನೂ ಬರೆಯದೆ ಖಾಲಿ ಬಿಡುತ್ತೇನೆ. ಎಲೆಕ್ಟಿವ್ ಯುನಿಕ್ಸ್. ಮಿನಿ ಪ್ರಾಜೆಕ್ಟಿನ ಜೊತೆಗಾರರಿಗೆ ಮೆಸ್ಸಿನ ಲೆಕ್ಕದ ವಿಚಾರ ಹೇಳಿದಾಗ ಒಬ್ಬ ನಕ್ಕ, ಇನ್ನಿಬ್ಬರು ಒಪ್ಪಿದ್ದಾರೆ. ನಕ್ಕವನಿಗೆ ಉತ್ತರ 2ನ್ನು ಕಳುಹಿಸಿದ್ದೇನೆ, ಇನ್ನೂ ಮರುತ್ತರ ಬಂದಿಲ್ಲ.